ಒಂದೇ ದಿನ ಬಿತ್ತಿದ ಸೋಯಾಬೀನ್ ಆದರೂ ಔಷಧಿ ಹೊಡೆಯುವ ದಿನ ಒಂದೇ ಆಗಿರಬೇಕಿಲ್ಲ

ಎರಡು ತಳಿ ಒಟ್ಟಿಗೆ ಬಿತ್ತಿ, ಒಂದೇ ದಿನ ಔಷಧಿ ಹೊಡೆದರೂ ಒಂದರಲ್ಲಿ ಮಾತ್ರ ಕಾಳು ಸುಕ್ಕಾಗಿದ್ದು ಯಾಕೆ ಅಂತ ಕೇಳಿದ್ದೀರಿ. ಔಷಧಿಯನ್ನು ಅನುಮಾನಿಸುವ ಮೊದಲು ಗಿಡದ ಸುಳಿ ನೋಡಿ. ಸೀಮಿತ ಬೆಳವಣಿಗೆಯ ತಳಿಯಲ್ಲಿ ಹೂ ಶುರುವಾಗುವ ಹೊತ್ತಿಗೆ ಮುಖ್ಯ ಕಾಂಡ ಹೆಚ್ಚುಕಡಿಮೆ ನಿಲ್ಲುತ್ತದೆ, ತುದಿಯಲ್ಲಿ ಕಾಯಿಗೊಂಚಲು ಬರುತ್ತದೆ. ಅಸೀಮಿತ ತಳಿ ಹಾಗಲ್ಲ. ಕೆಳಗೆ ಹೂ ಬಿಟ್ಟ ಮೇಲೂ ವಾರಗಟ್ಟಲೆ ಹೊಸ ಗಣ್ಣು, ಎಲೆ, ಹೂ ಹಾಕುತ್ತಲೇ ಇರುತ್ತದೆ. ಕೆಳಗಿನ ಗಣ್ಣಿನ ಕಾಯಲ್ಲಿ ಕಾಳು ಉಬ್ಬುತ್ತಿದ್ದರೂ ತುದಿಯಲ್ಲಿ ಹೂ ಇರಬಹುದು.

ಕಾಳು ಸುಕ್ಕಾಗಿದೆ ಎಂದರೆ ನನ್ನ ಮೊದಲ ಅನುಮಾನ ಗಿಡದ ರಸ ಹೀರುವ ಕೀಟವಾದ ಹಸಿರು ತಿಗಣೆಯ ಮೇಲೆ. ಅದು ಎಳೆಕಾಯಿಗೆ ಸೂಜಿಬಾಯಿ ಚುಚ್ಚಿದರೆ ಕಾಯಿ ಉದುರುತ್ತದೆ, ತುಂಬುತ್ತಿರುವ ಕಾಳಿಗೆ ಚುಚ್ಚಿದರೆ ಕಾಳು ಸುಕ್ಕಾಗುತ್ತದೆ. ಸೀಮಿತ ತಳಿಯಲ್ಲಿ ಕಾಯಿಗಳು ಹೆಚ್ಚುಕಡಿಮೆ ಒಟ್ಟಿಗೆ ಬಲಿಯುವುದರಿಂದ ಸಮಯಕ್ಕೆ ಸರಿಯಾಗಿ ಹೊಡೆದ ಒಂದು ಸಿಂಪಡಣೆಯೇ ಸಾಕಾಗಬಹುದು. ಅಸೀಮಿತ ತಳಿಯಲ್ಲಿ ಆ ಔಷಧಿಯ ಕಸುವು ಇಳಿದ ಮೇಲೂ ಹೊರಗಿನಿಂದ ಹಾರಿಬಂದ ತಿಗಣೆಗೆ ಎಳೆಕಾಯಿ ಸಿಗುತ್ತಲೇ ಇರುತ್ತದೆ. ಹಾಗಂತ ಎರಡನೇ ಸಲ ಕಣ್ಣುಮುಚ್ಚಿ ಹೊಡೆಯಬೇಡಿ, ಎಣಿಸಿ. ಸಾಲಿನ ನಡುವೆ 1 ಮೀಟರ್ ಉದ್ದದ ಬಿಳಿ ಬಟ್ಟೆ ಹಾಸಿ, ಗಿಡ ಬಾಗಿಸಿ ಜೋರಾಗಿ ಕೊಡವಿ. ಹೊಲದ ಅಂಚು, ನಡುವೆ ಸೇರಿ 10 ಕಡೆಯಾದರೂ ನೋಡಿ. ಬೆಳೆದ ತಿಗಣೆ ಮತ್ತು ದೊಡ್ಡ ಮರಿ ಸೇರಿ ಮೀಟರಿಗೆ ಸರಾಸರಿ 2–3 ಸಿಕ್ಕರೆ ಹೊಡೆಯಿರಿ. ಬಿತ್ತನೆ ಬೀಜದ ಬೆಳೆಗಾದರೆ 1 ಸಿಕ್ಕರೂ ಸಾಕು. ಮೊಟ್ಟೆಯೊಡೆದ ಸಣ್ಣ ಮರಿಗಳು ಮೊದಮೊದಲು ಮೊಟ್ಟೆಗೂಡಿನ ಹತ್ತಿರವೇ ಗುಂಪಾಗಿ ಕೂತಿರುತ್ತವೆ. ಕಪ್ಪಗಿರುವುದರಿಂದ ಬೇರೆ ಹುಳ ಅಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು.

ಎಲೆ ತಿನ್ನುವ ಕೀಡೆಯಲ್ಲಿ ಲೆಕ್ಕ ತಿರುಗುತ್ತದೆ. ಹೂವಾದ ಮೇಲೆ ಎಲೆ ಹೋದರೆ ಸೀಮಿತ ತಳಿಗೆ ಅದನ್ನು ತುಂಬಿಕೊಳ್ಳುವ ಶಕ್ತಿ ಕಡಿಮೆ. ಅಸೀಮಿತ ತಳಿ ಕಾಳು ತುಂಬಲು ಶುರುವಾಗುವವರೆಗೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಔಷಧಿ ಹೊಡೆಯಲು ಸಾಮಾನ್ಯ ಮಿತಿ ಹೂವಿಗೆ ಮೊದಲು ಶೇ. 30 ಎಲೆ ಹಾನಿ, ಹೂವಿನಿಂದ ಕಾಳು ತುಂಬುವವರೆಗೆ ಶೇ. 20. ಇದು ಇಡೀ ಗಿಡದ ಸರಾಸರಿ. ಮೇಲಿನ ತೂತಾದ ಎಲೆಗಳನ್ನಷ್ಟೇ ನೋಡಿದರೆ ಹಾನಿ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ, ಆದ್ದರಿಂದ ಮೇಲೆ, ನಡುವೆ, ಕೆಳಗಿನ ಎಲೆಗಳನ್ನು ಕಿತ್ತು ಅಂದಾಜು ಮಾಡಿ. ಅವಸರಕ್ಕೆ ಎಲ್ಲ ಹುಳವನ್ನೂ ಕೊಲ್ಲುವ ಔಷಧಿ ಹೊಡೆದರೆ ಜೇಡ, ಪರಭಕ್ಷಕ ಕೀಟಗಳೂ ಸತ್ತು ಮುಂದೆ ಬಿಳಿನೊಣವೋ ನುಸಿಯೋ ಏಳುತ್ತದೆ.

ಹೂ ಇರುವಾಗ ಜೇನ್ನೊಣದ ಓಡಾಟ ನಿಂತ ಮೇಲೆ, ಸಂಜೆ ಹೊಡೆಯಿರಿ. ಅಸೀಮಿತ ತಳಿಯ ಹೂಕಾಲ ಉದ್ದವಾದ್ದರಿಂದ ಅಲ್ಲಿ ಈ ಎಚ್ಚರ ಹೆಚ್ಚು ದಿನ ಬೇಕು. ಗಿಡ ಹರಡಿ ಸಾಲು ಮುಚ್ಚಿದ್ದರೆ ಸಿಂಪಡಣೆಯ ನೀರು ಹೆಚ್ಚಿಸಿ, ಹನಿ ಕೆಳಗಿನ ಕಾಯಿಗೂ ತಾಕಲಿ. ಕಾಯಿ ಬಲಿತು ಬಣ್ಣ ತಿರುಗಿದ ಮೇಲೆ ತಿಗಣೆ ಕಂಡರೂ ಹೊಡೆಯುವುದು ದಂಡ. ಕೊಯ್ಲಿಗೆ ಎಷ್ಟು ದಿನ ಅಂತರ ಬೇಕೆಂದು ಲೇಬಲ್‌ನಲ್ಲಿ ನೋಡಿ.