ಹಿಮದಲ್ಲಿ ಒಂದು ಚೀಲದೊಳಗೆ ಪ್ರಾಣಿಗಳೆಲ್ಲ ಹೋಗಿ ಕೂರುವ ಚಿತ್ರಪುಸ್ತಕ ಯಾವುದು?

80ರ ದಶಕದಲ್ಲಿ ಕಾರವಾರದ ನಿಮ್ಮ ಮನೆಯಲ್ಲಿದ್ದ ಪುಸ್ತಕ. ಅಕ್ಕ ಓದಿ ಹೇಳುತ್ತಿದ್ದರು. ಎಲ್ಲೆಲ್ಲೂ ಹಿಮ, ಒಂದು ಚೀಲ, ಅದಕ್ಕೊಂದು ಕಿಟಕಿ, ಒಳಗೆ ಒಂದೊಂದೇ ಪ್ರಾಣಿ. ನೀವು ಕೊಟ್ಟ ಗುರುತು ಇಷ್ಟೇ, ಆದರೆ ಆ ಕಿಟಕಿ ಇದೆಯಲ್ಲ, ಅದು ತುಂಬಾ ಒಳ್ಳೆ ಸುಳಿವು.

ನನಗನ್ನಿಸುವ ಪ್ರಕಾರ ಅದು ಚೀಲ ಅಲ್ಲ, ಚಳಿಗೆ ಹಾಕುವ ಕೈಗವಸು. ಹೆಬ್ಬೆರಳಿಗೆ ಒಂದು ಗೂಡು, ಉಳಿದ ನಾಲ್ಕು ಬೆರಳಿಗೂ ಸೇರಿ ಇನ್ನೊಂದು. ಕಾರವಾರದ ಸೆಕೆಯಲ್ಲಿ ಬೆಳೆದ ಮಗು ಅಂಥದ್ದನ್ನು ಎಲ್ಲಿ ನೋಡಿರಬೇಕು? ಚೀಲ ಅಂತಲೇ ನೆನಪು ಉಳಿಯುತ್ತದೆ.

ಇದು ಉಕ್ರೇನಿನ ಜನಪದ ಕತೆ. ನಾಯಿ ಜೊತೆ ಕಾಡಿನಲ್ಲಿ ಹೊರಟ ಅಜ್ಜನ ಕೈಗವಸು ಬಿದ್ದುಹೋಗುತ್ತದೆ. ಮೊದಲು ಇಲಿ ಬಂದು ಸೇರಿಕೊಳ್ಳುತ್ತದೆ. ಆಮೇಲೆ ಕಪ್ಪೆ, ಮೊಲ, ನರಿ, ತೋಳ, ಕಾಡುಹಂದಿ, ಕೊನೆಗೆ ಕರಡಿ! ಅಜ್ಜ ಹುಡುಕಿಕೊಂಡು ಬಂದಾಗ ನಾಯಿ ಬೊಗಳುತ್ತದೆ, ಎಲ್ಲವೂ ದಿಕ್ಕಾಪಾಲು. ಸೋವಿಯತ್ ಚಿತ್ರಕಾರ ಎವ್ಗೇನಿ ರಾಚೆವ್ ಬರೆದ ಚಿತ್ರಗಳಲ್ಲಿ ಪ್ರಾಣಿಗಳು ಹಳ್ಳಿಯವರ ಬಟ್ಟೆ ಹಾಕಿಕೊಂಡಿವೆ. ಒಬ್ಬೊಬ್ಬರೇ ಬಂದ ಹಾಗೆ ಕೈಗವಸಿಗೆ ಏಣಿ, ಕಿಟಕಿ, ಹೊಗೆ ಕೊಳವೆ ಎಲ್ಲ ಸೇರಿ ಮನೆಯೇ ಆಗಿಬಿಡುತ್ತದೆ. ನಿಮ್ಮ ಕಿಟಕಿ ಅದೇ ಇರಬೇಕು.

ಇದೇ ಕತೆಯನ್ನು ಅಮೆರಿಕದ ಜಾನ್ ಬ್ರೆಟ್ 1989ರಲ್ಲಿ ತಮ್ಮ ರೀತಿಯಲ್ಲಿ ಮಾಡಿದ್ದಾರೆ. ಅದರಲ್ಲಿ ಅಜ್ಜಿ ಹೆಣೆದ ಬಿಳಿ ಕೈಗವಸು. ಗೂಬೆ ಇದೆ, ಕಪ್ಪೆ ಇಲ್ಲ. ಕೊನೆಗೆ ಕರಡಿ ಸೀನಿದ್ದಕ್ಕೆ ಎಲ್ಲ ಹೊರಗೆ ಹಾರುತ್ತವೆ. ನಿಮ್ಮ ಬಾಲ್ಯಕ್ಕೆ ಇದು ಸ್ವಲ್ಪ ತಡವಾಯಿತು ಅಲ್ವಾ?

ಕರಡಿ ಗುಹೆಯಲ್ಲಿ ಮಲಗಿದ್ದ ಚಿತ್ರವೇ ಜಾಸ್ತಿ ನೆನಪಿದ್ದರೆ ಮಾತ್ರ ಅದು ಬೇರೆ ಪುಸ್ತಕ, ಪ್ರಾಣಿಗಳ ಬಗ್ಗೆ ತಿಳಿಸುವಂಥದ್ದು. ಚಳಿ ದೇಶದ ಕರಡಿ ಚಳಿಗಾಲವಿಡೀ ನಿದ್ದೆ ಹೋಗುತ್ತದೆ. ನಮ್ಮ ದಾಂಡೇಲಿ ಕಾಡಿನ ಕರಡಿಗೆ ಆ ಅಭ್ಯಾಸ ಇಲ್ಲ.

ಆಗೆಲ್ಲ ಮಾಸ್ಕೋದಲ್ಲಿ ಅಚ್ಚಾದ ಮಕ್ಕಳ ಪುಸ್ತಕಗಳು ನವಕರ್ನಾಟಕ ಪ್ರಕಾಶನದ ಮೂಲಕ ನಮ್ಮ ಕಡೆ ತುಂಬಾ ಅಗ್ಗಕ್ಕೆ ಸಿಗುತ್ತಿದ್ದವು. ಹಳೆ ಪ್ರತಿ ಸಿಕ್ಕರೆ ಪ್ರಕಾಶಕರ ಹೆಸರು ನೋಡಿ. ರಾದುಗ ಅಂತ ಇದ್ದರೆ 1982 ಅಥವಾ ಆಮೇಲಿನದ್ದು, ಆ ಪ್ರಕಾಶನ ಶುರುವಾಗಿದ್ದೇ ಆಗ. ಇಂಟರ್ನೆಟ್ ಆರ್ಕೈವ್‌ನಲ್ಲಿ ರಾಚೆವ್ ಹೆಸರು ಹಾಕಿಯೂ ಹುಡುಕಿ. ಭಾಷೆ ಯಾವುದೇ ಇರಲಿ, ಚಿತ್ರ ಕಂಡ ಕೂಡಲೇ ಗೊತ್ತಾಗುತ್ತದೆ. ಮನೆಯ ಅಟ್ಟದಲ್ಲಿ ಹಳೆ ಪುಸ್ತಕದ ಪೆಟ್ಟಿಗೆ ಇದ್ದರೆ ದಯವಿಟ್ಟು ಮಳೆಗಾಲಕ್ಕೆ ಮೊದಲೇ ಇಳಿಸಿ. ತೇವಕ್ಕೆ ಬಣ್ಣದ ಪುಟಗಳು ಅಂಟಿಕೊಂಡರೆ ಹರಿಯದೆ ಬಿಡಿಸುವುದು ಬಹಳ ಕಷ್ಟ.

ಅಕ್ಕನನ್ನು ಒಂದೇ ಮಾತು ಕೇಳಿ: ಕಪ್ಪೆ ಇತ್ತಾ, ಗೂಬೆ ಇತ್ತಾ? ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ, ಮುಂದೆ ಹುಡುಕೋಣ.