ಮೈ ಬಿಸಿ 97 ಡಿಗ್ರಿ ದಾಟುವುದೇ ಇಲ್ಲ, ಥೈರಾಯ್ಡ್ ಇರಬಹುದಾ?

ಬೆಳಿಗ್ಗೆ ಎದ್ದಾಗ 97 ಫ್ಯಾರನ್‌ಹೀಟ್ ತೋರಿಸುತ್ತದೆ, ಯಾವಾಗಲೂ ಚಳಿ, ಸುಸ್ತು ಬೇರೆ ಅಂತ ಬರೆದಿದ್ದೀರಿ. ಥೈರಾಯ್ಡ್ ಇರಬಹುದು. ಆದರೆ ಅದನ್ನು ಥರ್ಮಾಮೀಟರ್ ನೋಡಿ ಹೇಳಲು ಆಗುವುದಿಲ್ಲ. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್) ರಕ್ತಪರೀಕ್ಷೆ ಮಾಡಿಸಿ.

ನಾನು ಇದೇ ಗೊಂದಲದಲ್ಲಿ ಆರು ತಿಂಗಳು ಕಳೆದೆ. ದಿನಾ ಹಾಸಿಗೆಯಲ್ಲೇ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಬರೆದುಕೊಳ್ಳುತ್ತಿದ್ದೆ. ಒಂದು ದಿನ 96.8, ಮರುದಿನ 97.4. ಹೆದರಿಕೆ ಜಾಸ್ತಿ ಆಯಿತೇ ಹೊರತು ಏನೂ ತಿಳಿಯಲಿಲ್ಲ. ಕೊನೆಗೆ ರಕ್ತ ಕೊಟ್ಟೆ, ಟಿಎಸ್‌ಎಚ್ 18 ಬಂತು. ಅದು ಸುಮಾರು 4ರ ಒಳಗಿರಬೇಕು. ಇಷ್ಟು ಜಾಸ್ತಿ ಬಂದರೆ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅದರ ಹಾರ್ಮೋನ್ ಸಾಲುತ್ತಿಲ್ಲ ಅಂತ ಅರ್ಥ.

ಮೈ ಬಿಸಿ ಸಾಮಾನ್ಯವಾಗಿ ಇಷ್ಟಿರಬೇಕು ಅಂತ ಹೇಳುವ 98.6 ಅನ್ನುವುದು ಜರ್ಮನಿಯ ವೈದ್ಯ ವುಂಡರ್ಲಿಖ್ 1868ರಲ್ಲಿ ಪ್ರಕಟಿಸಿದ ಸರಾಸರಿ. ಎಲ್ಲರಿಗೂ ಅಷ್ಟೇ ಇರಬೇಕು ಅಂತಿಲ್ಲ. ನಸುಕಿನಲ್ಲಿ ಮೈ ಬಿಸಿ ದಿನದಲ್ಲೇ ಅತಿ ಕಡಿಮೆ ಇರುತ್ತದೆ, ಸಂಜೆಗೆ ಏರುತ್ತದೆ. ಕಂಕುಳಲ್ಲಿ ಅಳೆದರೆ ಬಾಯಿಗಿಂತ ಕಡಿಮೆಯೇ ತೋರಿಸುತ್ತದೆ. ಹಾಗಾಗಿ ಬರೀ 97 ನೋಡಿ ಗಾಬರಿ ಬೇಡ.

ಇನ್ನು ಚಳಿಯ ವಿಷಯ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಮೈಯಲ್ಲಿ ಶಾಖ ಹುಟ್ಟುವುದೂ ಕಡಿಮೆಯಾಗುತ್ತದೆ. ಇರುವ ಬಿಸಿಯನ್ನು ಒಳಗೇ ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ. ಕೈಕಾಲು ತಣ್ಣಗಾಗುತ್ತವೆ, ಒಳಗಿನ ಬಿಸಿ ಮಾತ್ರ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಅಂದರೆ ಥೈರಾಯ್ಡ್ ತೊಂದರೆ ಇದ್ದೂ ಥರ್ಮಾಮೀಟರ್ ಸುಮ್ನೆ ಇರಬಹುದು, ಅಲ್ವಾ?

ಟಿಎಸ್‌ಎಚ್ ಜೊತೆ ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್), ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿರುವ ಕಬ್ಬಿಣದ ಸಂಗ್ರಹ) ಕೂಡ ನೋಡಿಸಿ. ರಕ್ತಹೀನತೆಯಲ್ಲೂ ಇದೇ ಚಳಿ, ಇದೇ ಸುಸ್ತು. ಕೂದಲಿಗೆಂದು ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ಹೇಳಿ, ಅದರಿಂದ ರಿಪೋರ್ಟ್ ತಪ್ಪಾಗಿ ಬರಬಹುದು.

ಒಂದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಮೈ ಬಿಸಿ ಏರಿಸಲು ಅಂತ ಯಾರೋ ಹೇಳಿದ ಟಿ3 (ಇನ್ನೊಂದು ಥೈರಾಯ್ಡ್ ಹಾರ್ಮೋನ್) ಮಾತ್ರೆ ನುಂಗಬೇಡಿ. ಅಗತ್ಯವಿಲ್ಲದೆ ತಗೊಂಡರೆ ಹೃದಯದ ಬಡಿತ ಏರುಪೇರಾಗುತ್ತದೆ, ಮೂಳೆಯೂ ಸವೆಯುತ್ತದೆ.

ನನಗೆ ವೈದ್ಯರು ಲೆವೊಥೈರಾಕ್ಸಿನ್ (ಕಡಿಮೆಯಾದ ಥೈರಾಯ್ಡ್ ಹಾರ್ಮೋನ್ ತುಂಬುವ ಮಾತ್ರೆ) ಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಬರೀ ನೀರಿನ ಜೊತೆ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ. ಮೊದಲ ಎರಡು ಮೂರು ವಾರ ಏನೂ ವ್ಯತ್ಯಾಸ ಕಾಣದೆ ಅಳು ಬಂದಿತ್ತು. ಈ ಔಷಧಿ ಮೈಯಲ್ಲಿ ನೆಲೆಯಾಗಲು ಸಮಯ ಬೇಕು. ಅದಕ್ಕೇ 6ರಿಂದ 8 ವಾರ ಬಿಟ್ಟು ಮತ್ತೆ ರಕ್ತ ನೋಡುತ್ತಾರೆ. ನನಗೆ ಚಳಿ ಕಡಿಮೆಯಾಗಲು ಮೂರು ತಿಂಗಳು ಹಿಡಿಯಿತು.

ಥರ್ಮಾಮೀಟರ್ 95ಕ್ಕಿಂತ ಕೆಳಗೆ ಹೋಗಿ, ಜೊತೆಗೆ ಮಂಪರು ಅಥವಾ ಮಾತು ತೊದಲುವುದು ಇದ್ದರೆ ಮಾತ್ರ ಪರೀಕ್ಷೆಗೆ ಕಾಯಬೇಡಿ. ಆ ಕೂಡಲೇ ಆಸ್ಪತ್ರೆಗೆ ಹೋಗಿ.