ಗ್ರೂಪ್ ಬಿಡಬೇಡಿ, ಹುಡುಗನನ್ನೂ ತೆಗೆಯಬೇಡಿ

ಪ್ರಶ್ನೆ: ನಾನು ಕೊಡಗಿನ ಸಿದ್ದಾಪುರ ಕಡೆಯ ಸಣ್ಣ ಕಾಫಿ ಬೆಳೆಗಾರ. ವಯಸ್ಸು 49. ಆನೆ ಕಾಟ ಜಾಸ್ತಿಯಾದಾಗ ಊರಿನವರನ್ನೆಲ್ಲ ಸೇರಿಸಿ ಒಂದು ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದೆ. ಆನೆ ಎಲ್ಲಿದೆ ಅಂತ ಯಾರಿಗೆ ಗೊತ್ತಾದರೂ ಅದರಲ್ಲಿ ಹಾಕುತ್ತಿದ್ದರು. ಈಗ ಪಕ್ಕದ ಮನೆಯ ಹುಡುಗ, ನನ್ನನ್ನು ಮಾಮ ಅಂತ ಕರೆಯುವವನು, ಆ ಸುದ್ದಿ ನೋಡಿಕೊಂಡೇ ಹೋಗಿ ಆನೆಯ ವಿಡಿಯೋ ಮಾಡಿ ಇನ್‌ಸ್ಟಾಗ್ರಾಂಗೆ ಹಾಕುತ್ತಾನೆ. ಅದನ್ನು ನೋಡಿ ಜನ ಸೇರುತ್ತಾರೆ. ಅವನಿಗೆ ಸನ್ಮಾನವೂ ಆಯಿತು. ಗ್ರೂಪ್ ನಡೆಸುವವನೇ ಅವನು ಅಂತ ಹೊರಗಿನವರು ತಿಳಿದಿದ್ದಾರೆ. "ನಿನ್ನ ಹೆಸರಿಗೋಸ್ಕರ ಜನರ ಪ್ರಾಣ ತೆಗೀಬೇಡ" ಅಂತ ಗ್ರೂಪಿನಲ್ಲೇ ಹೇಳಿದೆ. ಅವನು ಎದುರುತ್ತರ ಕೊಟ್ಟ. ಉಳಿದವರು ಓದಿ ಸುಮ್ಮನಿದ್ದರು. ಅವನನ್ನು ತೆಗೆದುಹಾಕಲೇ, ಇಲ್ಲ ನಾನೇ ಬಿಟ್ಟುಬಿಡಲೇ? ರಾತ್ರಿಯೆಲ್ಲ ಫೋನ್ ಹಿಡಿದು ಕೂರುತ್ತೇನೆಂದು ಮನೆಯವಳ ಬೈಗುಳ ಬೇರೆ.

ಉತ್ತರ: ಎರಡೂ ಬೇಡ.

ನಿಮ್ಮ ಪತ್ರದಲ್ಲಿ ಎರಡು ನೋವು ಇವೆ. ಯಾರಾದರೂ ಸತ್ತಾರು ಎಂಬ ಭಯ ಒಂದು. ನಾನು ಕಟ್ಟಿದ್ದಕ್ಕೆ ಇನ್ನೊಬ್ಬನಿಗೆ ಹೆಸರು ಬಂತಲ್ಲ ಎಂಬ ಬೇಸರ ಇನ್ನೊಂದು. ಎರಡೂ ನ್ಯಾಯವಾದದ್ದೇ. ಆದರೆ ನೀವು ಎರಡನ್ನೂ ಒಂದೇ ವಾಕ್ಯದಲ್ಲಿ, ಎಲ್ಲರ ಮುಂದೆ ಹೇಳಿದಿರಿ. ಓದಿದವರಿಗೆ ಅದು ನಿಮ್ಮಿಬ್ಬರ ಜಗಳದಂತೆ ಕಂಡಿತು. ಆನೆಯ ವಿಷಯ ಅಲ್ಲೇ ಕಳೆದುಹೋಯಿತು.

ಉಳಿದವರ ಮೌನಕ್ಕೆ ಇಷ್ಟು ನೊಂದುಕೊಳ್ಳಬೇಡಿ. ಅವರು ನಾಳೆ ಸಂತೆಯಲ್ಲಿ, ಮದುವೆ ಊಟದಲ್ಲಿ ಆ ಹುಡುಗನ ಅಪ್ಪ ಅಮ್ಮನ ಮುಖ ನೋಡಬೇಕು. ಗ್ರೂಪಿನಲ್ಲಿ ಬರೆದ ಮಾತು ಅಳಿಯುವುದಿಲ್ಲ, ಸ್ಕ್ರೀನ್‌ಶಾಟ್ ಆಗಿ ಮನೆಮನೆಗೆ ಹೋಗುತ್ತದೆ. ಬಾಯಲ್ಲಿ ಕೇಳಿದ್ದರೆ ನಿಮ್ಮ ಪರ ಮಾತಾಡುವವರು ಎಷ್ಟೋ ಜನ ಇರುತ್ತಿದ್ದರು. ನೀಲಿ ಟಿಕ್ ಅಂದರೆ ಓದಿದ್ದಾರೆ ಅಂತ, ಅಷ್ಟೇ.

ಈಗ ಭಯದ ವಿಷಯ. ಇಲ್ಲಿ ನೀವು ಒಂದಿಷ್ಟೂ ಸಡಿಲ ಬಿಡಬಾರದು. ನಮ್ಮ ಕಡೆ ಆನೆ ನಾಗರಹೊಳೆಯಿಂದ ರಾತ್ರಿ ಬಂದು ಬೆಳಿಗ್ಗೆ ಕಾಡಿಗೆ ಮರಳುತ್ತದೆ ಅನ್ನುವ ಕಾಲ ಹೋಯಿತು. ಎಷ್ಟೋ ಆನೆಗಳು ದಿನಗಟ್ಟಲೆ ತೋಟದಲ್ಲೇ ಇರುತ್ತವೆ. ಅಲ್ಲಿ ಕೆರೆ ಇದೆ, ನೆರಳಿದೆ, ಕಾಲಕ್ಕೆ ಸರಿಯಾಗಿ ಹಲಸು ಸಿಗುತ್ತದೆ. ಕಾಫಿ ಗಿಡಗಳ ನಡುವೆ ನಿಂತ ಆನೆ ಹತ್ತಿರ ಹೋಗುವವರೆಗೂ ಕಾಣುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವವರು ಹೀಗೇ ಎದುರು ಸಿಕ್ಕಿ ಸಾಯುವುದು. ಫೋನ್ ಹಿಡಿದ ಜನ ಕೂಗುತ್ತಾ ಸುತ್ತುವರಿದರೆ ಹಿಂಡು ಗಾಬರಿಯಾಗಿ ಬೇರೆ ತೋಟಕ್ಕೆ ನುಗ್ಗುತ್ತದೆ. ಆಗ ನೀವು ರಾತ್ರಿ ಹಾಕಿದ ಸುದ್ದಿ ಬೆಳಿಗ್ಗೆಗೆ ಸುಳ್ಳಾಗಿರುತ್ತದೆ. ಅದನ್ನು ನಂಬಿ ಇನ್ನೊಂದು ದಾರಿ ಹಿಡಿದವರ ಗತಿ ಏನು? ಆ ಹುಡುಗನಿಗೆ ಹೇಳಬೇಕಾದದ್ದು ಇದೊಂದೇ ಮಾತು.

ಅದನ್ನು ಅವನ ಮನೆಗೇ ಹೋಗಿ ಹೇಳಿ. ಕಾಫಿ ಕುಡಿಯಿರಿ. ಸನ್ಮಾನದ ಮಾತು ಎತ್ತಬೇಡಿ. ಅವನ ಮಾತು ಕೇಳುವ ಹುಡುಗರು ತುಂಬ ಇದ್ದಾರೆ, ಅದನ್ನು ಬಾಯಿಬಿಟ್ಟು ಹೊಗಳಿ. ವಿಡಿಯೋ ಬೇಕಾದರೆ ಆನೆ ಆ ಜಾಗ ಬಿಟ್ಟು ಹೋದ ಮೇಲೆ ಹಾಕಲಿ, ಜಾಗದ ಹೆಸರು ಬೇಡ. ಒಪ್ಪಿದರೆ ಅವನನ್ನೂ ಅಡ್ಮಿನ್ ಮಾಡಿ. ಮಾತು ಕೊಟ್ಟು ತಪ್ಪಿದರೆ ಮಾತ್ರ ತೆಗೆಯಿರಿ. ಅದನ್ನೂ ಮೊದಲು ಅವನಿಗೆ, ಅವನ ಅಪ್ಪನಿಗೆ ನೇರವಾಗಿ ಹೇಳಿ, ಆಮೇಲೆ.

ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲೂ ಇದೇ ಕಷ್ಟ ಇತ್ತು. ಅಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆಯವರು ಆನೆ ಎಲ್ಲಿದೆ ಅಂತ ಜನರಿಗೆ ಎಸ್‌ಎಂಎಸ್ ಕಳಿಸಿದರು. ಆನೆ ಓಡಾಡುವ ಕಡೆ ಜನರಿಗೆ ಎಚ್ಚರಿಕೆಯ ಕೆಂಪು ದೀಪ ಹಾಕಿಸಿದರು. ಊರಿನವರೇ ಫೋನಿನಿಂದ ಅದನ್ನು ಹೊತ್ತಿಸುತ್ತಾರೆ. ಸಾವು ಕಡಿಮೆಯಾಯಿತು. ಆ ಎಸ್‌ಎಂಎಸ್‌ನಲ್ಲಿ ಚರ್ಚೆ ಇಲ್ಲ, ಹೊಗಳಿಕೆ ಇಲ್ಲ, ಗುಡ್ ಮಾರ್ನಿಂಗ್ ಹೂವಿಲ್ಲ. ನಿಮ್ಮ ಗ್ರೂಪೂ ಹಾಗಾಗಲಿ. ಅಡ್ಮಿನ್‌ಗಳು ಮಾತ್ರ ಬರೆಯುವ ಸೌಲಭ್ಯ ವಾಟ್ಸ್‌ಆ್ಯಪ್‌ನಲ್ಲಿ 2018ರಿಂದ ಇದೆ. ಒಂದೊಂದು ದಿಕ್ಕಿನ ತೋಟದಿಂದ ಒಬ್ಬೊಬ್ಬ ನಂಬಿಕಸ್ಥರನ್ನು ಅಡ್ಮಿನ್ ಮಾಡಿ. ಎಲ್ಲಿ, ಎಷ್ಟು ಹೊತ್ತಿಗೆ, ಎಷ್ಟು ಆನೆ, ಯಾವ ಕಡೆ ಹೊರಟಿವೆ, ಇಷ್ಟು ಬರೆದರೆ ಸಾಕು. ತಾರೀಕು ಇರಲೇಬೇಕು, ಹಳೆಯ ಸುದ್ದಿ ಮತ್ತೆ ಮತ್ತೆ ಸುತ್ತುತ್ತದಲ್ಲ. ಹರಟೆಗೆ ಬೇರೆ ಗ್ರೂಪ್ ಮಾಡಿಕೊಳ್ಳಲಿ. ಅರಣ್ಯ ಇಲಾಖೆಯ ಸಿಬ್ಬಂದಿ ಒಬ್ಬರು ಮೊದಲ ಗ್ರೂಪಿನಲ್ಲಿ ಇರುವಂತೆ ನೋಡಿಕೊಳ್ಳಿ.

ನಿಮ್ಮ ಪತ್ರದಲ್ಲಿ ಒಂದು ವಿಷಯ ಬರಲೇ ಇಲ್ಲ, ನನಗೆ ಅದೇ ಚಿಂತೆ. ಲೈನ್ ಮನೆಯವರು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೂಲಿಯವರು, ನಿಮ್ಮ ಗ್ರೂಪಿನಲ್ಲಿ ಇದ್ದಾರೆಯೇ? ನಸುಕಿಗೆ ಎದ್ದು ತೋಟಕ್ಕೆ ನಡೆಯುವವರು ಅವರು. ಯರವರು, ಜೇನು ಕುರುಬರು, ಅಸ್ಸಾಂನಿಂದ ಬಂದವರು. ಕೆಲವರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ, ಇದ್ದವರಲ್ಲೂ ಎಷ್ಟೋ ಮಂದಿಗೆ ಕನ್ನಡ ಓದಲು ಬರುವುದಿಲ್ಲ. ನೀವು ಮತ್ತು ಹುಡುಗ ಯಾರು ದೊಡ್ಡವರು ಅಂತ ನೋಡಿಕೊಳ್ಳುವಾಗ ಇವರಿಗೆ ಸುದ್ದಿಯೇ ತಲುಪುತ್ತಿಲ್ಲ. ಈ ಕೆಲಸ ಆ ಹುಡುಗನಿಗೆ ಕೊಡಿ. ಹಿಂದಿಯಲ್ಲಿ, ಅವರವರ ಮಾತಿನಲ್ಲಿ ಅಲ್ಲಿನವರಿಂದಲೇ ಹೇಳಿಸಿ ವಾಯ್ಸ್ ಮೆಸೇಜ್ ಮಾಡಲಿ. ಫೋನ್ ಇಲ್ಲದ ಲೈನಿಗೆ ರೈಟರ್ (ತೋಟದ ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿ ಹೋಗಿ ಹೇಳುವಂತೆ ಏರ್ಪಾಡು ಮಾಡಲಿ. ಕ್ಯಾಮೆರಾ ಮುಂದೆ ಧೈರ್ಯವಾಗಿ ಮಾತಾಡುವ ಹುಡುಗ ಇದನ್ನು ನಿಮಗಿಂತ ಚೆನ್ನಾಗಿ ಮಾಡುತ್ತಾನೆ. ಹಾಗಂತ ಅವನ ಮುಂದೆಯೇ ಹೇಳಿ.

ಇನ್ನು ಹೆಸರಿನ ಬೇಸರ. ಇದಕ್ಕೆ ನನ್ನ ಹತ್ತಿರ ಪೂರ್ತಿ ಮದ್ದಿಲ್ಲ. ಹೊರಗಿನವರು ನಿಮ್ಮ ಹೆಸರು ಯಾವತ್ತೂ ಹೇಳದೇ ಇರಬಹುದು. ನೀವು ಮಾತ್ರ ಪ್ರತಿ ಸಲ ಸುದ್ದಿ ಕೊಟ್ಟವರ ಹೆಸರು ಹೇಳಿ ಥ್ಯಾಂಕ್ಸ್ ಹೇಳಿ. ತೋಟದ ವಾಚರ್ ಕೊಟ್ಟ ಸುದ್ದಿಯಾದರೆ ವಾಚರ್‌ನ ಹೆಸರು. ತಮ್ಮ ಹೆಸರು ಬಂದವರು ಮುಂದಿನ ಸಲ ಇನ್ನೂ ಬೇಗ ಹೇಳುತ್ತಾರೆ. ಬೇಸರ ಬಂದಾಗ ಅದನ್ನು ಮನೆಯವರ ಹತ್ತಿರ ಹೇಳಿಕೊಳ್ಳಿ, ಗ್ರೂಪಿನಲ್ಲಿ ಬೇಡ.

ಮನೆಯವರು ಬೈಯುವುದು ಸರಿಯಾಗಿಯೇ ಇದೆ. ಒಬ್ಬರೇ ಎಲ್ಲ ರಾತ್ರಿ ಕಾಯುವುದು ನಡೆಯುವ ಮಾತಲ್ಲ. ನಿಮಗೆ ಜ್ವರ ಬಂದ ದಿನ ಊರಿಗೆ ಸುದ್ದಿಯೇ ಇಲ್ಲ ಅಂತಾಗುತ್ತದೆ. ಅಡ್ಮಿನ್‌ಗಳು ರಾತ್ರಿಗಳನ್ನು ಹಂಚಿಕೊಳ್ಳಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ನೆಟ್‌ವರ್ಕ್ ಇಲ್ಲದಾಗ ಯಾರು ಯಾವ ಲೈನಿಗೆ ಜೀಪಿನಲ್ಲಿ ಹೋಗಿ ಹೇಳಬೇಕು ಅನ್ನುವುದನ್ನೂ ಮಳೆ ಹಿಡಿಯುವ ಮೊದಲೇ ಕೂತು ಮಾತಾಡಿಕೊಳ್ಳಿ. ಆ ಮಾತುಕತೆಗೆ ಹುಡುಗನನ್ನೂ ಕರೆಯಿರಿ, ಲೈನ್ ಮನೆಯಿಂದಲೂ ಇಬ್ಬರನ್ನು ಕರೆಯಿರಿ.